ಒಂದೇ ಸಲ ಕೇಳೋ ದೇಶ

ಕೆಲವರಿಗಿ ಯಾವ ಹಾದ್ಯಾಗ ಹೊಂಟ್ರೂ ಅದೇ ಕಲ್ಲು ಎಡವತದ. ನನ್ನದೂ ಅದೇ ಹಣೇಬರ. ಸುರಪುರದಿಂದ ವಿಲಾಯತಕ್ಕ ಹೋದೆ, ಅಲ್ಲಿ ಎಡವಿದೆ. ಎಲ್ಲಾ ತಿದ್ಕೊಂಡು ಶಾಣ್ಯಾ ಆಗಿ ಬಂದೆ ಅಂದ್ಕೊಂಡ್ರ, ಇಲ್ಲಿ ಬಂದು ಎಡವಿದೆ. ಈಗ ಮಾಸ್ತರಕಿ ಮುಗಿಸಿ ಮನಿ ಮುಂದಿನ ಕಟ್ಟಿ ಮ್ಯಾಲೆ ಕುಂತೀನಿ. ಈ ಸುದ್ದಿ ಹೇಳಿದಾಗೆಲ್ಲ ಮಂದಿ ನಗತಾರ. ನಗ್ರಿ. ನನಗೂ ನಗಿ ಬರತದ, ಜರಾ ತಡಾಗಿ ಬರತದ ಅಷ್ಟೇ.

ಬುತ್ತಿ ಗಂಟು

ನಿಜಾಮರ ಕಾಲದಾಗ ಗಣಿತದಾಗ ನಂಬರ್ ಛಲೋ ಬಂದಾವ ಅಂತ ಸರ್ಕಾರ ನನಗ ಓದಾಕ ವಜೀಫಾದ ರೊಕ್ಕಾ ಕೊಟ್ಟು ವಿಲಾಯತದ ಒಂದು ಯುನಿವರ್ಸಿಟಿಗಿ ಕಳಸಿತು. ಹೊಂಡೋ ದಿನ ಯಾದಗಿರಿ ಸ್ಟೇಶನ್ನಿಗಿ ಶಹಾಪುರದಿಂದ ಸೋದರಮಾವ ಬಂದಿದ್ದ, ಮಗಳನ್ನೂ ಕರಕೊಂಡು. ಆಕೀನ್ನ ನನಗ ಕೊಡೂದು ಅಂತ ನಾವು ಸಣ್ಣವರಿದ್ದಾಗೇ ಮಾತಾಗಿತ್ತು.

"ಮೂರು ವರ್ಷ ಅಂದ್ರ ಮೂರೇ ವರ್ಷ, ಅಳಿಯಾ," ಅಂದ ಸೋದರಮಾವ. "ಪರೀಕ್ಷಾ ಫೇಲಾತು, ನಾಕನೇ ವರ್ಷ ಇರ್ತೀನಿ ಅಂತ ಕಾಗದ ಬರದಿ ಅಂದ್ರ ನಾ ಕಾಯಂಗಿಲ್ಲ ನೋಡು. ಬ್ಯಾರೆ ಕಡಿ ಕೊಟ್ಟಬಿಡ್ತೀನಿ."

ಆಕಿ ಅಪ್ಪನ ಬೆನ್ನಹಿಂದ ನಿಂತಿದ್ಲು. ಖಡಕ್ ರೊಟ್ಟಿ ಕಟ್ಟಿದ್ದ ಗಂಟು ನನ್ನ ಕೈಯಾಗ ಕೊಟ್ಟು, "ಇನ್ನೊಂದು ಗಂಟು ಅದ, ತಗೋ" ಅಂದ್ಲು. ನಾ ಬ್ಯಾಡ ಅಂದೆ. "ತಗೋ ಅಂದ್ರ" ಅಂದ್ಲು. "ಬ್ಯಾಡ ಬಿಡು" ಅಂದೆ. ಮೂರನೇ ಸಲ ಬಾಯಿಲೆ ಕೇಳಲಿಲ್ಲ. ಗಾಡಿ ಹೊಂಟಿತ್ತು, ಕಿಡಕ್ಯಾಗಿಂದ ನನ್ನ ತೊಡಿ ಮ್ಯಾಲೆ ಒಗದ್ಲು. ಆ ಗಂಟು ಗುದ್ದಿದ್ದು ಬಾಂಬೆ ಮುಟ್ಟೂ ತನಕ ನೋಯ್ತು. ಖಡಕ್ ರೊಟ್ಟಿ ಅಂದ್ರ ಖಡಕ್ಕೇ ಇರ್ತಾವ.

ಸಾಧು

ನಮ್ಮ ಕಡಿ ಊಟಕ್ಕ ಕುಂತಾಗ ಒಂದು ರಿವಾಜು ಅದ. ಮೊದಲನೇ ಸಲ ಒಲ್ಲೆ ಅನ್ನೂದು ಮರ್ಯಾದಿಗಿ. ಎರಡನೇ ಸಲ ಒಲ್ಲೆ ಅನ್ನೂದು ಸಂಕೋಚಕ್ಕ. ಮೂರನೇ ಸಲ ತಾಟಿನ ಮ್ಯಾಲೆ ಎರಡೂ ಕೈ ಅಡ್ಡ ಹಿಡೀಬೇಕು, ನೀಡಾಕಿ ಬೈದು ಕೈ ಸರಸಿ ನೀಡಬೇಕು, ಆಮ್ಯಾಲೆ ಹೊಟ್ಟಿ ತುಂಬ ಉಣ್ಣಬೇಕು. ಇದು ಹಾಲಕುಡಿ ಕೂಸಿಗೂ ಗೊತ್ತು.

ವಿಲಾಯತದಾಗ ನಾ ಇದ್ದ ಮನಿ ಮಾಲಕಿ ಒಬ್ಬಾಕಿ ಗಂಡ ಸತ್ತ ಮುದುಕಿ. ಯುದ್ಧ ಮುಗದಿತ್ತು, ರೇಶನ್ ಮುಗದಿರಲಿಲ್ಲ. ಮೊದಲನೇ ದಿನ ಕುದಿಸಿದ ಆಲೂಗಡ್ಡಿ ತಂದು, "ಇನ್ನೊಂದು ಬೇಕೇನಪಾ?" ಅಂದ್ಲು. ಹಡಗಿನ್ಯಾಗ ಹದಿನೆಂಟು ದಿನ ವಾಂತಿ ಮಾಡಿ ಬಂದಿದ್ದೆ, ಹೊಟ್ಟಿ ಬಾವಿ ಆಗಿತ್ತು. ಮರ್ಯಾದಸ್ಥರ ಮಗಲ್ಲಾ ನಾನು, "ನೋ, ಥ್ಯಾಂಕ್ಯೂ" ಅಂದೆ. ಆಕಿ ಆಲೂಗಡ್ಡಿ ತಗೊಂಡು ಒಳಗ ಹೋದ್ಲು. ಈಗ ಬರ್ತಾಳ, ಇನ್ನೊಂದು ಸಲ ಕೇಳ್ತಾಳ ಅಂತ ಬಾಗಲಾ ನೋಡ್ಕೋತ ಕುಂತೆ. ಆಲೂಗಡ್ಡಿ ಬರಲಿಲ್ಲ. ಒಳಗ ಆಕಿ ಪಾತ್ರಿ ತೊಳಿಯೋ ಸಪ್ಪಳ ಬಂತು.

ಹಿಂಗೇ ಒಂದು ತಿಂಗಳಾತು. ಪಾಟ್ಲೂನು ಸಡ್ಲ ಆಗಿ ಹುರಿ ಕಟ್ಕೊಂಡೆ. ಖೋಲಿ ಬಾಗಲಾ ಹಾಕ್ಕೊಂಡು ಸೋದರಮಾವನ ಮಗಳು ಕೊಟ್ಟ ರೊಟ್ಟಿ ಮುರ್ಕೊಂಡು ತಿಂತಿದ್ದೆ, ಎಣಿಸಿ ಎಣಿಸಿ, ದಿನಕ್ಕ ಅರ್ಧ. ಮೂರನೇ ಸಲ ಕಿಡಕ್ಯಾಗಿಂದ ಒಗದ ಆ ಗಂಟೇ ನನ್ನ ಜೀವ ಉಳಿಸ್ತು, ಖರೇ ಹೇಳತೀನಿ.

ಅತ್ಲಾಗ ಮುದುಕಿ ಓಣಿ ತುಂಬ ಹೇಳಿದ್ಲು, "ನಮ್ಮ ಮನಿ ಹುಡುಗ ಹಿಂದುಸ್ತಾನದ ಸಾಧು, ಏನೂ ತಿನ್ನಂಗಿಲ್ಲ" ಅಂತ. ಐತವಾರ ನಾಕು ಮಂದಿ ಹೆಂಗಸರು ನನ್ನ ನೋಡಾಕ ಬಂದ್ರು. ಒಬ್ಬಾಕಿ ತನ್ನ ರೇಶನ್ ಸಕ್ರಿ ಕೂಡಿಟ್ಟು ಕೇಕ್ ಮಾಡಿ ತಂದಿದ್ಲು. ಆ ವಾಸನಿಗಿ ನನ್ನ ಬಾಯಾಗ ನೀರು. "ತಗೋತೀರೇನು?" ಅಂದ್ಲು. ಹಾಳ ಬಾಯಿ, "ನೋ" ಅಂದೇಬಿಡ್ತು. ಆಕಿ ನನಗ ಕೈಮುಗದು, ಕೇಕ್ ವಾಪಸ್ ಮುಚ್ಕೊಂಡು ಹೋದ್ಲು.

ಎಲ್ಲಾ ಆರಾಮ

ಎರಡನೇ ವರ್ಷ ನಗೂ ಹಂಗ ಇರಲಿಲ್ಲ. ನಮ್ಮ ಕಡಿ ರಜಾಕಾರರ ಗದ್ದಲ, ಮ್ಯಾಲೆ ಇಂಡಿಯಾದ ಫೌಜು ಬಂತು ಅಂತ ಅಲ್ಲಿನ ಪೇಪರಿನ್ಯಾಗ ಎರಡು ಸಾಲು ಬಂದಿತ್ತು. ಯಾದಗಿರಿ ಇಲ್ಲ, ಶಹಾಪುರ ಇಲ್ಲ, ಸುರಪುರ ಅಂತೂ ಅವರಿಗಿ ಗೊತ್ತೇ ಇಲ್ಲ. ಎರಡೂವರಿ ತಿಂಗಳು ಮನಿಯಿಂದ ಕಾಗದ ಬರಲಿಲ್ಲ. ಅಪ್ಪ ಅವ್ವ ಅದಾರೋ ಇಲ್ಲೋ, ಆಕಿ ಅದಾಳೋ ಇಲ್ಲೋ. ಕ್ಲಾಸಿನ್ಯಾಗ ಕುಂತ್ರ ಫಳಿ ಮ್ಯಾಗಿನ ಅಕ್ಷರ ಕಾಣಿಸ್ತಿರಲಿಲ್ಲ.

ಆಗ ಆಫೀಸಿನ್ಯಾಗ ಫಾರ್ಮ್ ತುಂಬಾಕ ಕರದ್ರು. ಕ್ಲರ್ಕು ಚಷ್ಮಾ ಏರಿಸಿ, "ಹೋದ ವರ್ಷ ದೇಶ ಹೈದರಾಬಾದ್ ಅಂತ ಬರದೀರಿ, ಈ ವರ್ಷ ಇಂಡಿಯಾ ಅಂತ ಬರದೀರಿ. ಮನಿ ಬದಲಿ ಮಾಡೀರೇನು?" ಅಂದ.

"ಇಲ್ರಿ, ಮನಿ ಅಲ್ಲೇ ಅದ. ದೇಶ ಬದಲಿ ಆಗ್ಯದ," ಅಂದೆ.

ಆವಾ ಬರಕೊಂಡ. ಆಮ್ಯಾಲೆ ಮಾತಿಗಿ, "ಮನ್ಯಾಗ ಎಲ್ಲಾರೂ ಆರಾಮ?" ಅಂತ ಕೇಳಿದ.

ನಮ್ಮಲ್ಲಿ ಇದಕ್ಕೂ ಅದೇ ರಿವಾಜು. ಮೊದಲು ಆರಾಮ ಅನ್ನೂದು. ಎದುರಿನವ ಮುಖಾ ನೋಡಿ "ಖರೇನ ಆರಾಮ ಏನಪಾ?" ಅಂದ ಮ್ಯಾಲೇ ಕಣ್ಣಾಗ ನೀರು ತರೂದು. ನಾ "ಆರಾಮ" ಅಂದೆ. ಆವಾ "ಗುಡ್" ಅಂದು ಠಪ್ಪಂತ ಶಿಕ್ಕಾ ಹೊಡದ. ಇನ್ನೊಂದು ಸಲ ಕೇಳಿದ್ದರ ಅವನ ಟೇಬಲ್ ಮ್ಯಾಲೆ ತಲಿ ಇಟ್ಟು ಅತ್ತಬಿಡ್ತಿದ್ದೆ.

ಕಡೀಗಿ ಅಪ್ಪನ ಕಾಗದ ಬಂತು. "ನಾವೆಲ್ಲಾರೂ ಆರಾಮ ಅದೀವಿ" ಅಂತ ಬರದಿದ್ದ. ಕುಣೀಬೇಕಾದಾವ ತಲಿ ಹಿಡ್ಕೊಂಡು ಕುಂತೆ. ಯಾಕಂದ್ರ ಅದು ಅಪ್ಪನ ಮೊದಲನೇ ಆರಾಮ. ಎರಡನೇ ಸಲ ಕೇಳಿ ಉತ್ತರ ತರಿಸಬೇಕಂದ್ರ ಇನ್ನೂ ಒಂದು ತಿಂಗಳು ಬೇಕಿತ್ತು.

ಕನ್ನಡಿ ಮುಂದ ಆಲೂಗಡ್ಡಿ

ಮೂರನೇ ವರ್ಷ ಪರೀಕ್ಷಾದ ಒಂದು ಪೇಪರ್ ನನ್ನ ಕುತಗಿಗಿ ಬಂತು. ನಾ ಉರ್ದುವಿನ್ಯಾಗ ಗಣಿತ ಕಲ್ತಾವ. ಅವರು ಇಂಗ್ಲಿಷಿನ್ಯಾಗ ಹೇಳಿದ್ದನ್ನ ತಲ್ಯಾಗ ಉರ್ದು ಮಾಡಿ, ಲೆಕ್ಕಾ ಬಿಡಿಸಿ, ವಾಪಸ್ ಇಂಗ್ಲಿಷ್ ಮಾಡೂದ್ರಾಗ ಘಂಟಿ ಹೊಡೀತಿತ್ತು. ಫೇಲಾದ್ರ ನಾಕನೇ ವರ್ಷ, ನಾಕನೇ ವರ್ಷ ಅಂದ್ರ ಆಕಿ ಬ್ಯಾರೆಯವರ ಮನಿಗಿ.

ಪ್ರೊಫೆಸರ್ ದೇವರಂಥಾ ಮನುಷ್ಯಾ. ತಾನೇ ಬಂದು, "ನಾ ಬ್ಯಾರೆ ಕುಂತು ಹೇಳಿಕೊಡಲೇನು?" ಅಂದ. "ಬ್ಯಾಡ್ರಿ, ನಿಮಗ್ಯಾಕ ತ್ರಾಸು" ಅಂದೆ. "ಶಭಾಷ್, ಸ್ವಂತ ಓದಾವ" ಅಂತ ಬೆನ್ನು ತಟ್ಟಿ ಹೋದ.

ಆ ಸಂಜಿ ಅಡಿಗಿ ಮನ್ಯಾಗ ಕುಂತು ಹುಡುಗರಂಗ ಅತ್ತೆ. ಮುದುಕಿಗಿ ಎಲ್ಲಾ ಹೇಳಿದೆ, ಮೂರು ಸಲದ ರಿವಾಜು, ಆಲೂಗಡ್ಡಿ, ಕೇಕ್, ಆಕಿ, ಎಲ್ಲಾ. ಮುದುಕಿ ಬಾಯಿ ತಕ್ಕೊಂಡು ಕೇಳಿದ್ಲು. "ಎರಡು ವರ್ಷ ಉಪಾಸ ಇದ್ದೇನೋ ಮಾರಾಯಾ? ನನ್ನ ಅಡಿಗಿ ನಿನಗ ಸೇರಂಗಿಲ್ಲ ಅಂತ ನಾ ಎಷ್ಟು ನೊಂದೀನಿ ಗೊತ್ತದೇನು? ಬೇಕಂದ್ರ ಬೇಕನ್ನು, ಬ್ಯಾಡಂದ್ರ ಬ್ಯಾಡನ್ನು. ನೀ ಅಂದಿದ್ದನ್ನ ನಾವು ನಂಬತೀವಿ. ನಂಬಬಾರದೇನು?"

ಆ ಮಾತು ನನ್ನ ಎದಿಗಿ ನಾಟಿತು. ಮನುಷ್ಯಾನ ಮಾತಿಗಿ ಕಿಮ್ಮತ್ತು ಅಂದ್ರ ಇದು ನೋಡು ಅನ್ನಿಸ್ತು. ಮುದುಕಿ ನನ್ನ ಕನ್ನಡಿ ಮುಂದ ನಿಲ್ಲಿಸಿ, ಕೈಯಾಗ ಆಲೂಗಡ್ಡಿ ಹಿಡ್ಕೊಂಡು, "ಬೇಕೇನು?" ಅಂತ ಕೇಳಿ, "ಎಸ್ ಪ್ಲೀಸ್" ಅನ್ನೂದು ರೂಢಿ ಮಾಡಿಸಿದ್ಲು. ಮರುದಿನ ಪ್ರೊಫೆಸರ್ ಬಾಗಲಾ ತಗದ ಕೂಡ್ಲೆ ನಾ ಓಣಿಗಿ ಕೇಳೂ ಹಂಗ "ಎಸ್ ಪ್ಲೀಸ್!" ಅಂದೆ.

ಆವಾ ಹೆದರಿ ಹಿಂದ ಸರದ. "ನಾ ಇನ್ನೂ ಏನೂ ಕೇಳಿಲ್ಲಲ್ಲಪಾ," ಅಂದ.

ಚಹಾ

ಪ್ರೊಫೆಸರ್ ಹೇಳಿಕೊಟ್ಟಿದ್ರಿಂದ ಪಾಸಾದೆ, ಮಾತಿನಂಗ ಮೂರೇ ವರ್ಷಕ್ಕ ಸುರಪುರಕ್ಕ ಬಂದೆ. ಅಪ್ಪ ಅವ್ವ ಖರೇನೇ ಆರಾಮ ಇದ್ರು. ಬಂದ ಎಂಟು ದಿನಕ್ಕ ದೊಡ್ಡಪ್ಪ ಅಬ್ಬೆತುಮಕೂರಿನ ಮಠಕ್ಕ ಹೋಗಿ, ಬಿಸಲಾಗ ಬಂದು ನಮ್ಮ ಮನ್ಯಾಗ ಕುಂತ. ಅವ್ವ ಹಿತ್ತಲದಾಗ ಇದ್ಲು. "ಚಹಾ ಕುಡೀತೀರೇನ್ರಿ?" ಅಂತ ನಾ ಕೇಳಿದೆ. "ಬ್ಯಾಡಪಾ, ಈಗರೆ ಕುಡದು ಬಂದೀನಿ" ಅಂದ. "ಆತ್ರಿ" ಅಂದು ನಾ ಪುಸ್ತಕ ತಗದೆ. ದೊಡ್ಡಪ್ಪ ಅರ್ಧಾ ತಾಸು ಟೋಪಿ ತಗದು ಹಾಕಿ, ತಗದು ಹಾಕಿ ಮಾಡಿ, ಎದ್ದು ಹೋದ.

ಅವ್ವ ಕೇಳಿ ಹಣಿ ಬಡ್ಕೊಂಡ್ಲು. "ಒಂದೇ ಸಲ ಕೇಳಿ ಬಿಟ್ಟೇನೋ? ಮೂರು ಸಲ ಕೇಳಬೇಕಂತ ಮರತೇನೋ ಭಾಡ್ಯಾ?"

"ಅವ್ವ, ಮನುಷ್ಯಾ ಬ್ಯಾಡ ಅಂದ್ರ ಅವನ ಮಾತಿಗಿ ಕಿಮ್ಮತ್ತು ಕೊಡಬೇಕು," ಅಂತ ನಾ ಭಾಷಣ ಬಿಗದೆ. ಸಂಜಿ ಅನ್ನೂದ್ರಾಗ ಊರೆಲ್ಲಾ ಸುದ್ದಿ. ಹುಡುಗ ವಿಲಾಯತಕ್ಕ ಹೋಗಿ ಚಹಾಪುಡಿ ಉಳಸೂದು ಕಲ್ತು ಬಂದಾನ ಅಂತ.

ಒಲ್ಲೆ

ಆ ಬುಧವಾರ ಶಹಾಪುರಕ್ಕ ಹೋದೆ. ಸೋದರಮಾವ ಪಂಚಾಂಗ ಹಿಡ್ಕೊಂಡೇ ಕುಂತಿದ್ದ. "ದಿನಾ ತಗಸೋಣಲ್ಲಾ, ಅಳಿಯಾ?" ಅಂದ.

"ತಡೀರಿ. ಮೊದಲು ಆಕೀನ್ನ ಒಂದು ಮಾತು ಕೇಳತೀನಿ," ಅಂದೆ.

"ಆಕೀನ್ನ ಏನು ಕೇಳೂದು?" ಅಂತ ಆವಾ ಕಣ್ಣು ಕಣ್ಣು ಬಿಟ್ಟ. ಹುಡುಗೀನ್ನ ಕೇಳೂದು ಅಂಬೋದು ಆ ಮನ್ಯಾಗ ಅಲ್ಲೀತನಕ ಯಾರೂ ಕೇಳಿರದ ಮಾತು. ನಾ ನೆಟ್ಟಗ ಪಡಸಾಲಿ ದಾಟಿ ಹೋದೆ. ಆಕಿ ಜ್ವಾಳ ಹಸನ ಮಾಡಾಕತ್ತಿದ್ಲು. ಮೂರು ವರ್ಷ ಮನಸಿನ್ಯಾಗ ಇಟ್ಕೊಂಡಿದ್ದ ಮುಖಾ.

"ನನ್ನ ಮದುವಿ ಆಗತೀಯೇನು?" ಅಂದೆ.

ಆಕಿ ಕೈಯಾಗಿನ ಮೊರ ಕೆಳಗಿಟ್ಲು. ಕಿವಿ ಕೆಂಪಾದ್ವು. ತಲಿ ತಗ್ಗಿಸಿ, "ನಾ ಒಲ್ಲೆ" ಅಂದ್ಲು.

ಮತ್ತೇನಂತಾಳ್ರಿ? ಮರ್ಯಾದಸ್ಥರ ಮಗಳು, ಕೇಳಿದ ಕೂಡ್ಲೆ ಹೂಂ ಅಂದಾಳೇನು? ಇದು ಈಗ ತಿಳೀತದ. ಆಗ ನನ್ನ ಎದಿ ಒಡದು ಹೋತು. ಅದರ ಮ್ಯಾಲೆ ವಿಲಾಯತದ ಶಾಣ್ಯಾತನ ಬ್ಯಾರೆ. "ಭಾಳ ಛಲೋ, ನಿನ್ನ ಮಾತಿಗಿ ನಾ ಕಿಮ್ಮತ್ತು ಕೊಡತೀನಿ" ಅಂದು, ಹೊರಗ ಬಂದು ಸೋದರಮಾವಗ ಕೈಮುಗದೆ. "ಆಕಿ ಒಲ್ಲೆ ಅಂದಾಳ್ರಿ. ಯಾರೂ ಜುಲುಮಿ ಮಾಡಬ್ಯಾಡ್ರಿ." ಅಷ್ಟು ಹೇಳಿ ಬಸ್ಸು ಹತ್ತಿದೆ.

ಹುಡುಗಿ ಹಿಡಸಲಿಲ್ಲಂತ ನಾಟಕಾ ಮಾಡಿ ಹೋದ ಅಂದ್ಕೊಂಡ ಸೋದರಮಾವ. ಎರಡು ತಿಂಗಳಾಗೂದ್ರಾಗ ಆಕೀನ್ನ ಕಡೇಚೂರಿಗಿ ಕೊಟ್ಟ.

ಆಮ್ಯಾಲೆ ಅವ್ವ ನನಗ ಬ್ಯಾರೆ ಹುಡುಗಿ ನೋಡ್ತೀನಿ ಅಂದ್ಲು. ನಾ ಒಲ್ಲೆ ಅಂದೆ. ಅವ್ವ ಮೂರು ಸಲ ಅಲ್ಲ, ಮುನ್ನೂರು ಸಲ ಕೇಳಿರಬೇಕು. ಅದೊಂದೇ ನನ್ನ ಖರೇ ಒಲ್ಲೆ.

ನಾಕನೇ ರೊಟ್ಟಿ

ಭಾಳ ವರ್ಷದ ಮ್ಯಾಲೆ, ನಾ ಯಾದಗಿರ್ಯಾಗ ಹೆಡ್‌ಮಾಸ್ತರ್ ಇದ್ದಾಗ, ಕಡೇಚೂರಿನ ಸಾಲಿ ನೋಡಾಕ ಹೋಗೂದು ಬಂತು. ಅಲ್ಲಿ ಒಬ್ಬ ಹಿರಿಯಾ ಬಂದು ಕೈ ಹಿಡದ. "ನಮ್ಮ ಮನಿಯಾಕಿ ನಿಮ್ಮ ಸೋದರಮಾವನ ಮಗಳಲ್ರಿ! ಊಟಾ ನಮ್ಮಲ್ಲೇ." ಬ್ಯಾಡ್ರಿ ಅಂದೆ, ಮತ್ತ ಬ್ಯಾಡ್ರಿ ಅಂದೆ. ಮೂರನೇ ಸಲ ಆವಾ ನನ್ನ ಚೀಲಾ ಕಸ್ಕೊಂಡು ಮುಂದ ನಡದ.

ಆಕಿ ಬಡಿಸಿದ್ಲು. ಕೂದಲಾ ಅರ್ಧಾ ಬೆಳ್ಳಗಾಗಿದ್ವು, ನನ್ನವು ಪೂರಾ. ನಾ ಮೂರು ರೊಟ್ಟಿ ಉಂಡಿದ್ದೆ, ಗಂಡ ಕೈ ತೊಳಿಯಾಕ ಅಂಗಳಕ್ಕ ಹೋದ.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂದ್ಲು. ಸಣ್ಣಾಕಿದ್ದಾಗ ನೀನು ಅಂತಿದ್ದಾಕಿ, ಈಗ ನೀವು ಅಂದ್ಲು.

"ಬ್ಯಾಡವಾ," ಅಂದೆ.

"ತಗೋರಿ, ಒಂದು."

"ಒಲ್ಲೆ, ಸಾಕು."

ಆಕಿ ರೊಟ್ಟಿ ಕೈಯಾಗ ಹಿಡ್ಕೊಂಡೇ ನಿಂತ್ಲು. "ಆವತ್ತು ಒಂದೇ ಸಲ ಕೇಳಿ ಹೋದ್ರಿ," ಅಂದ್ಲು ಸಾವಕಾಶ. "ಬಾಗಲದ ತನಕ ಹೋಗಿ ವಾಪಸ್ ಬರ್ತೀರಂತ ಮೊರ ಹಿಡ್ಕೊಂಡು ಕುಂತೇ ಇದ್ದೆ. ಮೂರನೇ ಸಲದ ತನಕಾ ಕಾಯಿಸ್ತಿರಲಿಲ್ರಿ. ಎರಡನೇ ಸಲಕ್ಕೇ ಹೂಂ ಅಂತಿದ್ದೆ."

ಅಷ್ಟರಾಗ ಗಂಡ ಕೈ ಒರಸ್ಕೋತ ಬಂದ. "ಏನಂತ?"

"ಏನಿಲ್ರಿ," ಅಂದ್ಲು ಆಕಿ. "ಒಲ್ಲೆ ಅನ್ನಾಕತ್ತಾರ."

"ಹಾಕು, ಹಾಕು!" ಅಂತ ಆವಾ ದೊಡ್ಡಕ ನಕ್ಕ. "ಒಲ್ಲೆ ಅಂದ್ರಂತ ಯಾರರೆ ಬಿಡತಾರೇನು? ಅಂಥಾ ಹುಚ್ಚ ಯಾವ ಊರಾಗ ಅದಾನ?"

ಆಕಿ ನನ್ನ ಕೈ ಸರಸಿ ತಾಟಿನ್ಯಾಗ ರೊಟ್ಟಿ ಹಾಕಿದ್ಲು. ನಾಕನೇದು. ನಾ ಪೂರಾ ಉಂಡೆ.