ಮಾವ ಹಡಗಿನ ಚೆಕ್ಕಿಂಗಿಗೆ ಹೋದದ್ದು

ನಮ್ಮ ಮಾವನಿಗೆ ಸೂರ್ಯನ ಮೇಲೂ ಪೂರ್ತಿ ನಂಬಿಕೆ ಇಲ್ಲ. ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ! ಬೆಳಿಗ್ಗೆ ಪಂಚಾಂಗದಲ್ಲಿ ಸೂರ್ಯೋದಯದ ಹೊತ್ತು ನೋಡಿಕೊಂಡು, ವಾಚು ಕಟ್ಟಿ ಅಂಗಳದಲ್ಲಿ ನಿಲ್ಲುತ್ತಾರೆ. ಎದುರಿಗೆ ಗುಡ್ಡ ಇರುವುದರಿಂದ ನಮ್ಮಲ್ಲಿಗೆ ಬಿಸಿಲು ಬರುವಾಗ ಸ್ವಲ್ಪ ತಡವಾಗುತ್ತದೆ, ಅದು ಗುಡ್ಡದ ತಪ್ಪು. ಮಾವ ಕೇಳಬೇಕಲ್ಲ? "ಇವತ್ತೂ ಲೇಟು" ಎಂದು ಗೊಣಗುತ್ತಾ ಒಳಗೆ ಬಂದು ಕಾಫಿ ಲೋಟ ಎತ್ತಿಕೊಳ್ಳುತ್ತಾರೆ. ಅದನ್ನೂ ಮೂಸಿ ನೋಡದೆ ಕುಡಿಯುವುದಿಲ್ಲ.

ಅವರನ್ನು ದೂರಿಯೂ ಪ್ರಯೋಜನವಿಲ್ಲ. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಚೆಕ್ಕಿಂಗ್ ಮಾಡಿ ನಿವೃತ್ತರಾದವರು. ಪುತ್ತೂರು, ಸುಳ್ಯ, ಮಡಿಕೇರಿ ದಾರಿಯಲ್ಲಿ ಯಾವ ತಿರುವಿನಲ್ಲಿ ನಿಂತು ಕೈ ಅಡ್ಡ ಹಿಡಿದರೆ ಕಂಡಕ್ಟರನ ಮುಖ ಬಿಳುಚುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಿದ್ದೆ ಮಾಡುವವನನ್ನೂ ನಿದ್ದೆಯ ನಾಟಕ ಮಾಡುವವನನ್ನೂ ಅವರು ಕಾಲಿನ ಹೆಬ್ಬೆರಳು ನೋಡಿಯೇ ಹೇಳಬಲ್ಲರು. ನಾಟಕದವನ ಹೆಬ್ಬೆರಳು ಅಲ್ಲಾಡುತ್ತದಂತೆ!

ಅಪ್ಪ ತೀರಿಕೊಂಡಾಗ ನಾನು ಐದನೇ ಕ್ಲಾಸು. ಅಮ್ಮನ ಅಣ್ಣನಾದ ಈ ಮಾವ ನಮ್ಮಿಬ್ಬರನ್ನು ಕಬಕದ ತಮ್ಮ ಮನೆಗೆ ಕರೆದುಕೊಂಡು ಬಂದರು. ಹಾಗೆಂದು ನಮಗೆ ವಿನಾಯಿತಿ ಏನಾದರೂ ಸಿಕ್ಕಿತೇ? ಎಲ್ಲಿಯ ಮಾತು! ಹದಿಮೂರು ತುಂಬಿದ ನನ್ನನ್ನು ಅಮ್ಮ ಒಮ್ಮೆ ಬಸ್ಸಿನಲ್ಲಿ ಹನ್ನೊಂದು ಎಂದು ಹೇಳಿ ಅರ್ಧ ಟಿಕೆಟ್ ತೆಗೆದುಕೊಂಡಿದ್ದಳು. ಅರಂತೋಡಿನಲ್ಲಿ ಬಸ್ಸು ನಿಂತಿತು. ಹತ್ತಿದವರು ಯಾರು? ನಮ್ಮ ಮಾವ! ನನ್ನನ್ನು ನೋಡಿದರು, ಟಿಕೆಟ್ ನೋಡಿದರು, ಮತ್ತೆ ನನ್ನನ್ನು ನೋಡಿದರು. ಬಸ್ಸಿನವರೆಲ್ಲ ಕತ್ತು ಚಾಚಿ ನೋಡುತ್ತಿರುವಾಗಲೇ ಸ್ವಂತ ತಂಗಿಗೆ ದಂಡ ಹಾಕಿ ಪೂರ್ತಿ ಟಿಕೆಟ್ ತೆಗೆಸಿದರು.

"ನಿಮ್ಮದೇ ಸೊಸೆ ಅಲ್ವಾ ಅಣ್ಣಾ" ಎಂದು ಅಮ್ಮ ಮೆಲ್ಲಗೆ ಹೇಳಿದಳು.

"ಸಂಬಂಧ ಅಂತ ಬಿಟ್ರೆ ನಾಳೆ ಬಸ್ಸಿಡೀ ನನ್ನ ನೆಂಟರೇ ಆಗ್ತಾರೆ" ಎಂದರು ಮಾವ. ಅಮ್ಮ ಅವರೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಇಂಥವರ ಮುಂದೆ ನಾನು, ಡಿಗ್ರಿ ಮುಗಿಸಿದ ಮೇಲೆ, ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದೆ. ಬೇರೆ ಯಾವ ಆಸೆಯೂ ನನಗಿರಲಿಲ್ಲ, ಅದೊಂದೇ. ಮಾವ ಪೇಪರ್ ಮಡಚಿಟ್ಟರು. ಅವರು ಪೇಪರ್ ಮಡಚಿದರೆ ವಿಚಾರಣೆ ಶುರು ಎಂದರ್ಥ.

"ಹಡಗಿಗೆ ಕ್ಯಾಪ್ಟನ್ ಉಂಟು, ಇಂಜಿನ್ ಉಂಟು. ಮತ್ತೆ ಮ್ಯಾನೇಜ್ ಮಾಡ್ಲಿಕ್ಕೆ ಎಂತ ಉಂಟು?"

ನಾನು ಉತ್ಸಾಹದಿಂದ ಸಮುದ್ರ ವ್ಯಾಪಾರದ ಅರ್ಥಶಾಸ್ತ್ರ ವಿವರಿಸಿದೆ. ಹಡಗಿನ ಬಾಡಿಗೆ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ, ಒಂದು ದಿಕ್ಕಿಗೆ ತುಂಬಿ ಹೋದ ಪೆಟ್ಟಿಗೆಗಳು ಇನ್ನೊಂದು ದಿಕ್ಕಿಗೆ ಯಾಕೆ ಖಾಲಿ ಬರುತ್ತವೆ ಎಂಬುದೆಲ್ಲ ಅದರಲ್ಲಿದೆ ಎಂದೆ.

"ಹೋಗುವಾಗ ಫುಲ್ಲು, ಬರುವಾಗ ಖಾಲಿ. ನಮ್ಮ ಸಾಯಂಕಾಲದ ಮಡಿಕೇರಿ ಬಸ್ಸಿನ ಹಾಗೆ. ಇದನ್ನು ಕಲೀಲಿಕ್ಕೆ ಎರಡು ವರ್ಷ ಬೇಕಾ?"

ನಾನು ಸೋಲಲಿಲ್ಲ. ಬಿಲ್ ಆಫ್ ಲೇಡಿಂಗ್ ಎಂಬ ಅಸ್ತ್ರ ತೆಗೆದೆ. "ಹಡಗು ಹತ್ತುವ ಪ್ರತಿ ಸರಕಿಗೂ ಒಂದು ಕಾಗದ ಇರ್ತದೆ ಮಾವ. ಸರಕಿನ ಟಿಕೆಟ್ ಅಂತ ಇಟ್ಕೊಳ್ಳಿ."

ಮಾವನ ಹುಬ್ಬು ಮೇಲೇರಿತು. "ಯಾರು ಚೆಕ್ ಮಾಡುದು?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಓದಲು ಯಾಕೆ ಹೋಗುತ್ತಿದ್ದೆ? "ನೋಡಿದಿಯಾ?" ಎಂದು ಮಾವ ಎದ್ದೇ ಬಿಟ್ಟರು.

ಮರುದಿನ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಬಂದರಿನ ಗೇಟಿನೆದುರು ನಿಂತಿದ್ದಾರೆ. ನಿಜವಾಗಿ ಹಡಗು ಬರುತ್ತದೋ ಇಲ್ಲವೋ ನೋಡಬೇಕಲ್ಲ! ಒಳಗೆ ಹೋಗುವ ಲಾರಿಗಳ ನಂಬರುಗಳನ್ನು ಪುಸ್ತಕದಲ್ಲಿ ಬರೆಯುತ್ತಾ ನಿಂತರೆ ಕಾವಲಿನವರು ಸುಮ್ಮನಿರುತ್ತಾರೆಯೇ? ಕೂರಿಸಿ ಒಂದೂವರೆ ಗಂಟೆ ವಿಚಾರಿಸಿದರಂತೆ. ಹೆಸರೇನು, ಊರೇನು, ಇದರಲ್ಲಿ ನಿನಗೇನು ಲಾಭ! ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ಮಾವ ಮಾತ್ರ ಬಹಳ ಖುಷಿಯಲ್ಲಿ ಮನೆಗೆ ಬಂದರು.

"ಅಲ್ಲಿ ಚೆಕ್ಕಿಂಗ್ ಒಳ್ಳೆದುಂಟು" ಎಂದರು.

ಆದರೂ ಸೈನ್ ಮಾತ್ರ ಇಲ್ಲ. ಅರ್ಜಿಯಲ್ಲಿ ಪೋಷಕರ ಸಹಿ ಬೇಕು. "ಅಣ್ಣ ಒಪ್ಪದೆ ನಾನು ಪೆನ್ನು ಮುಟ್ಟುದಿಲ್ಲ" ಎಂದು ಅಮ್ಮ ಅಡಿಗೆ ಮನೆಗೆ ಹೋದಳು. ಅರ್ಜಿ ಫ್ರಿಜ್ಜಿನ ಮೇಲೆ ಕೂತಿತು. ಕೊನೆಯ ದಿನಕ್ಕೆ ಐದು ದಿನ ಬಾಕಿ, ಮತ್ತೆ ನಾಲ್ಕು. ಒಂದು ಬೆಳಿಗ್ಗೆ ನೋಡುತ್ತೇನೆ, ಫ್ರಿಜ್ಜಿನ ಮೇಲೆ ಅರ್ಜಿಯೂ ಇಲ್ಲ, ಅಂಗಳದಲ್ಲಿ ಮಾವನೂ ಇಲ್ಲ!

"ಸುಳ್ಯಕ್ಕೆ, ಸ್ನೇಹಿತರ ಮನೆಗೆ ಅಂತ ಹೋದ್ರು" ಎಂದರು ಅತ್ತೆ. ಸುಳ್ಯದ ಸ್ನೇಹಿತರಿಗೆ ಫೋನ್ ಮಾಡಿದೆ. "ಇಲ್ಲಿಗಾ? ಇಲ್ಲವಲ್ಲಾ. ಅವರು ಬಾರದೆ ವರ್ಷ ಆಯ್ತು ಮಾರಾಯ್ತಿ" ಎಂದರು ಅವರು. ಮಾವನ ಮೊಬೈಲು ಸ್ವಿಚ್ ಆಫ್.

ನೋಡಿ, ಹತ್ತು ವರ್ಷ ಒಂದೇ ಮನೆಯಲ್ಲಿ ಉಂಡ ಮೇಲೆ ಸಂಶಯವೂ ನೆಗಡಿಯ ಹಾಗೆ ಅಂಟಿಕೊಳ್ಳದೆ ಇರುತ್ತದೆಯೇ? ನಾನು ಬಚ್ಚಲೊಲೆಯ ಬೂದಿ ಕೆದಕಿದೆ. ಮಾವನ ಕಪಾಟು ತೆರೆದೆ. ಮಡಚಿಟ್ಟ ಖಾಕಿ ಅಂಗಿಗಳ ಕಿಸೆಗಳಿಗೂ ಕೈ ಹಾಕಿದೆ. ಕೊನೆಗೆ ಅಮ್ಮನ ಮುಂದೆ ನಿಂತು ಅತ್ತುಬಿಟ್ಟೆ. "ನನ್ನ ಅರ್ಜಿ ಮಾವನೇ ಅಡಗಿಸಿದ್ದು. ಕೊನೆಯ ದಿನ ದಾಟಿದ ಮೇಲೆ ಬರ್ತಾರೆ, ನೀನು ನೋಡು. ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ರಾ?"

ಮೂರನೆಯ ದಿನ ಮಧ್ಯಾಹ್ನ ಮಾವ ಗೇಟು ತೆರೆದು ಬಂದರು. ಅಂಗಿ ಮುದುಡಿದೆ, ಗಡ್ಡ ಬೆಳೆದಿದೆ, ಕೈಯಲ್ಲಿ ರೆಕ್ಸಿನ್ ಚೀಲ. ನಾನು ಬಾಯಿ ತೆರೆಯುವ ಮೊದಲೇ ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿ ವರದಿ ಒಪ್ಪಿಸಿದರು.

"ಕೊಚ್ಚಿಯಲ್ಲಿ ಯೂನಿವರ್ಸಿಟಿ ಉಂಟು. ಬೋರ್ಡು ಸರಿ ಉಂಟು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ತಲೆ ಲೆಕ್ಕ ಹಾಕಿದೆ, ಇಪ್ಪತ್ತಾರು. ಹಾಜರಿ ಪುಸ್ತಕದಲ್ಲೂ ಇಪ್ಪತ್ತಾರೇ. ಹುಡುಗಿಯರ ಹಾಸ್ಟೆಲಿನ ಗೇಟಿನಲ್ಲಿ ನನ್ನನ್ನು ಒಳಗೆ ಬಿಡ್ಲಿಲ್ಲ, ಅದೂ ಒಳ್ಳೆದೇ. ಹಡಗು ದಡದಿಂದಲೇ ಕಂಡಿತು. ಮತ್ತೆ ನಿನ್ನ ಆ ಸರಕಿನ ಟಿಕೆಟ್... ಮೇಷ್ಟ್ರಲ್ಲಿ ಕೇಳಿದೆ. ಹಡಗಿನವರು ನೋಡ್ತಾರೆ, ಬಂದರಿನವರು ನೋಡ್ತಾರೆ, ಕಸ್ಟಮ್ಸಿನವರು ನೋಡ್ತಾರೆ, ಬ್ಯಾಂಕಿನವರೂ ನೋಡ್ತಾರಂತೆ!" ಅವರ ಮುಖದಲ್ಲಿ ಎಂಥ ಬೆಳಕು ಅಂತೀರಿ! ಮೂವತ್ತು ವರ್ಷ ಒಂಟಿಯಾಗಿ ತಿರುವಿನಲ್ಲಿ ನಿಂತವರಿಗೆ ಕೊನೆಗೂ ತಮ್ಮವರು ಸಿಕ್ಕಿದ್ದರು.

"ಅರ್ಜಿ ಎಲ್ಲಿ ಮಾವ?" ಎಂದೆ.

"ಕೊಟ್ಟು ಬಂದೆ. ಅಂಚೆಯವರನ್ನು ನಂಬಿ ಕೂರ್ಲಿಕ್ಕಾಗ್ತದಾ? ಇಗೋ ರಸೀದಿ. ಇದು ಅರ್ಜಿಯ ಜೆರಾಕ್ಸ್. ಚೆಕ್ ಮಾಡಿಕೋ."

ನನಗೆ ತಲೆ ಎತ್ತಲಾಗಲಿಲ್ಲ. ಮುಖ ಮುಚ್ಚಿಕೊಳ್ಳಲು ಆ ಜೆರಾಕ್ಸನ್ನೇ ಹಿಡಿದೆ. ಪೋಷಕರ ಸಹಿಯ ಜಾಗದಲ್ಲಿ ಮಾವನ ಸಹಿ ಇತ್ತು. ಅದರ ಕೆಳಗೆ ಅಭ್ಯರ್ಥಿಯ ಜೊತೆಗಿನ ಸಂಬಂಧ ಬರೆಯಬೇಕಾದ ಗೆರೆಯಲ್ಲಿ, ಮಾವನ ದುಂಡು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒತ್ತಿ ಬರೆದಿತ್ತು: ಫಾದರ್.

ನನ್ನ ವಯಸ್ಸಿನ ಎರಡು ವರ್ಷದ ಸುಳ್ಳನ್ನು ಅರಂತೋಡಿನಲ್ಲಿ ಹಿಡಿದು ದಂಡ ಹಾಕಿದವರು ಇವರೇ. ಎರಡು ದಿನದ ಹಿಂದೆ ನಾನು ಅಮ್ಮನ ಮುಂದೆ ಆಡಿದ ಮಾತು ಅವರಿಗೆ ಗೊತ್ತಿರಲಿಲ್ಲ, ಯಾವತ್ತೂ ಗೊತ್ತಾಗದಿರಲಿ ಎಂದುಕೊಂಡೆ.

"ಮಾವ, ಇದು ತಪ್ಪು ಬರೆದದ್ದಲ್ವಾ? ಅಲ್ಲಿಯವರು ಹಿಡಿದ್ರೆ?"

ಮಾವ ಅತ್ತೆ ತಂದಿಟ್ಟ ಕಾಫಿ ಎತ್ತಿಕೊಂಡು, ನನ್ನ ಮುಖ ನೋಡದೆ ಅಂಗಳದ ಕಡೆ ತಿರುಗಿದರು.

"ಅದನ್ನೆಲ್ಲ ಯಾರು ಚೆಕ್ ಮಾಡ್ತಾರೆ, ಮಾರಾಯ್ತಿ!"