ಲಾನಿಗೆ ಬಂದ ಕುರಿಗಳು

ಹೊಲದಲ್ಲಿ ಹುಲ್ಲು ಎದ್ದರೆ ಕೂಲಿ ಕೊಟ್ಟು ಕೀಳಿಸುವುದನ್ನು ಕೊಕ್ಕನೂರಿನಲ್ಲಿ ಹುಟ್ಟಿ ಬೆಳೆದ ನಾನು ನೋಡಿದ್ದೇನೆ. ಕೂಲಿ ಕೊಟ್ಟು ಹುಲ್ಲು ನೆಡಿಸುವುದನ್ನು ನೋಡಿದ್ದು ದಾವಣಗೆರೆಯ ಮಗನ ಮನೆ ಸೇರಿದ ಮೇಲೆಯೇ.

ತೊಂಬತ್ತೇಳರಲ್ಲಿ ನನ್ನ ಮಗ ಮಹಾಂತೇಶ ದೇವರಾಜ ಅರಸು ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಹಿತ್ತಲು ಪೂರ್ತಿ ನನ್ನದಾಗಿತ್ತು. ಬದನೆ, ಬಸಳೆ, ದಾಸವಾಳ, ಗೋಡೆಗೆ ಹಬ್ಬಿಸಿದ ಅವರೆ. ಬೆಳಿಗ್ಗೆ ಲಿಂಗಪೂಜೆಗೆ ಹೂವು, ಮಧ್ಯಾಹ್ನ ಸಾರಿಗೆ ಸೊಪ್ಪು. ಯಾರ ಹಂಗೂ ಇರಲಿಲ್ಲ. ಅಷ್ಟರಲ್ಲಿ ಸೊಸೆ ಶಿವಗಂಗಾ ಹರಿಹರಕ್ಕೆ ಹೋಗಿ ಅವಳ ಅಕ್ಕನ ಮನೆಯ ಲಾನ್ ನೋಡಿ ಬಂದಳು. ಲಾನ್ ಎಂದರೆ ಹುಲ್ಲು. (ದನಕ್ಕೆ ಹಾಕುವಂತಿಲ್ಲ, ಮನುಷ್ಯರು ತುಳಿಯುವಂತಿಲ್ಲ. ನೋಡಬೇಕು, ಅಷ್ಟೇ.) ನೋಡನೋಡುತ್ತಲೇ ನನ್ನ ಸಾಮ್ರಾಜ್ಯ ಗೋಡೆಯ ಪಕ್ಕದ ಒಂದು ಪಟ್ಟಿಗೆ ಇಳಿಯಿತು. ದಾಸವಾಳ, ಬಸಳೆ, ಅವರೆ ಮಾತ್ರ ಉಳಿದವು. ಅಕ್ಕ ತಂಗಿ ಫೋನಿನಲ್ಲಿ ನನ್ನ ಯೋಗಕ್ಷೇಮ ಬಿಟ್ಟು ಹುಲ್ಲಿನದು ವಿಚಾರಿಸಿಕೊಳ್ಳತೊಡಗಿದರು.

ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ಒಂದು ಸಂಜೆ ಗಂಡ ಹೆಂಡತಿ ನನ್ನ ಪಟ್ಟಿಯನ್ನೇ ಟೇಪು ಹಿಡಿದು ಅಳೆಯುತ್ತಿದ್ದರು.

"ಇಲ್ಲಿ ಉಯ್ಯಾಲೆ ಹಾಕಿದ್ರೆ ಲಾನ್ ಎದುರಿಗೇ ಬರ್ತೈತೆ ನೋಡ್ರಿ," ಎಂದಳು ಸೊಸೆ.

"ಅವ್ವನ ಅವರೆ ಐತಲ್ಲೇ."

"ಅವರೆ ಮಾರ್ಕೆಟ್‌ನಾಗೂ ಸಿಗ್ತೈತ್ರಿ. ಉಯ್ಯಾಲೆ ಮ್ಯಾಲೆ ಅತ್ತೇನೇ ಕುಂದ್ರಿಸೋಣ."

"ಕುಂತು ಏನ್ ಮಾಡ್ಲಿ ತಾಯಿ?" ಎಂದೆ.

"ಹುಲ್ಲು ನೋಡ್ರಿ ಅತ್ತೆ."

ಹುಲ್ಲೇ ಇಲ್ಲದಿದ್ದರೆ ಅದರೆದುರು ಉಯ್ಯಾಲೆ ಏಕೆ? ಇದು ನನ್ನ ತಲೆಗೆ ಹೊಳೆದ ರಾಜತಂತ್ರ. ಭಾನುವಾರ ಇಬ್ಬರೂ ಉಯ್ಯಾಲೆ ಗೊತ್ತು ಮಾಡಿ ಬರಲು ಹರಿಹರದ ಬಸ್ಸು ಹತ್ತಿದರು. ಹಿಂದಿನ ಖಾಲಿ ಸೈಟುಗಳಲ್ಲಿ ಹದಡಿಯ ನಿಂಗಪ್ಪ ಕುರಿ ಮೇಯಿಸುತ್ತಿದ್ದ. ಹಿತ್ತಲ ಬಾಗಿಲು ತೆರೆದು ಕರೆದೆ.

"ನಿಂಗಪ್ಪ, ಒಳಗೆ ಹಸಿ ಹುಲ್ಲೈತೆ. ಹೊಡ್ಕೊಂಡು ಬಾರಪ್ಪ."

"ಸಾವ್ಕಾರ್ರು ಬೈಯಲ್ಲೇನವ್ವ?"

"ಬಾಗ್ಲು ತೆರೆದಿತ್ತು, ನುಗ್ಗಿದ್ವು ಅಂತ ನಾ ಹೇಳ್ತೀನಿ. ಬೇರು ಸಮೇತ ತಿನ್ಲಿ."

ಕುರಿಗಳು ಬಂದವು. ಹುಲ್ಲನ್ನು ದಾಟಿಕೊಂಡು ನೇರ ಗೋಡೆಯ ಕಡೆ ಹೋದವು. ಒಂದು ಅವರೆ ಬಳ್ಳಿಯನ್ನು ಜಗ್ಗಿತು, ಇನ್ನೊಂದು ಬಸಳೆಗೆ ಬಾಯಿ ಹಾಕಿತು.

"ಅದಲ್ಲ! ಇದು, ಇದು!" ಎಂದು ಸೆರಗು ಬೀಸುತ್ತ ಹುಲ್ಲು ತೋರಿಸಿದೆ.

ನಿಂಗಪ್ಪ ಕೋಲಿಗೆ ಗದ್ದ ಊರಿ ನಿಂತಿದ್ದ. "ಯವ್ವಾ, ಹೋಳಿಗೆ ಬಿಟ್ಟು ಮೊದ್ಲು ರೊಟ್ಟಿ ತಿನ್ರಿ ಅಂದ್ರೆ ನೀವು ಕೇಳ್ತೀರೇನು?"

ದಾಸವಾಳ ಕಡ್ಡಿಯಾದ ಮೇಲೆ, ಊಟ ಮುಗಿಸಿ ಎಲೆ ಅಡಿಕೆ ಹಾಕುವವರಂತೆ, ಸಾವಕಾಶವಾಗಿ ಹುಲ್ಲಿಗೆ ಬಂದವು. ತಲೆಗೆ ಮಶೀನು ಆಡಿಸಿದ ಹಾಗೆ ಸಮನಾಗಿ ಮೇಯ್ದವು. ಬೇರು ಒಂದೂ ಬರಲಿಲ್ಲ. ಹೋಗುವಾಗ ಹಿಕ್ಕೆಯನ್ನು ಮಾತ್ರ ಧಾರಾಳವಾಗಿ ಉದುರಿಸಿ ಹೋದವು.

ಸಂಜೆ ಬಂದ ಮಗ ಹಿತ್ತಲಲ್ಲಿ ಬಾಯಿ ತೆರೆದು ನಿಂತ. ನಾನು ಸಿದ್ಧ ಮಾಡಿಟ್ಟುಕೊಂಡಿದ್ದನ್ನು ಒಪ್ಪಿಸತೊಡಗಿದೆ: "ಬಾಗ್ಲು ತೆರೆದಿತ್ತಪ್ಪ..."

"ಅವ್ವಾ! ಹುಲ್ಲು ಕತ್ರಿಸೋರು ಸಿಗ್ತಿಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ. ಕುರಿ ಬಿಟ್ಟು ಎಷ್ಟ್ ನೀಟಾಗಿ ಮಾಡಿಸಿಬಿಟ್ಟೀಯಲ್ಲ! ಗೊಬ್ಬರ ಬೇರೆ!"

ಸೊಸೆ ಬರಿದಾದ ಗೋಡೆ ನೋಡಿದಳು. ಅವಳ ಕಣ್ಣು ತುಂಬಿತು. "ನಮ್ಮ ಉಯ್ಯಾಲೆ ಸಲುವಾಗಿ ಅವರೆನೂ ತೆಗೆಸಿಬಿಟ್ರಾ ಅತ್ತೆ? ಬಳ್ಳಿ ಕಿತ್ತಾಕ್ರಿ ಅಂತ ನಿಮಗೆ ಹೆಂಗೆ ಹೇಳೋದು ಅಂತ ನಾನೇ ಅಂಜ್ತಿದ್ದೆ," ಎಂದು ಕಾಲಿಗೆ ಬಿದ್ದಳು. ಕಾಲಿಗೆ ಬಿದ್ದವಳಿಗೆ ನಿಜ ಹೇಳುವುದು ಹೇಗೆ? "ಶರಣು" ಎಂದು ಹರಸಿದೆ.

ಆಗ ನೆನಪಾಯಿತು. ಹೊಲ ಸೊಕ್ಕಿ ಬೆಳೆಯಲಿ ಎಂದು ನಮ್ಮಪ್ಪ ಕುರಿಯವರನ್ನು ಕಾಡಿ ಬೇಡಿ, ಜೋಳ ಕೊಟ್ಟು, ಮಂದೆ ನಿಲ್ಲಿಸಿಕೊಳ್ಳುತ್ತಿದ್ದ. ನಾನು ಪುಕ್ಕಟೆ ನಿಲ್ಲಿಸಿಕೊಂಡಿದ್ದೆ. ಉಗಾದಿಯ ಹೊತ್ತಿಗೆ ನಮ್ಮ ಹುಲ್ಲು ಹರಿಹರದ ಹುಲ್ಲನ್ನೇ ನಾಚಿಸುವಂತೆ ಎದ್ದಿತು.

ಈಗ ಪೂಜೆಗೆ ಹೂವನ್ನು ಕೊಂಡು ತರುತ್ತೇವೆ. ನಾನು ಉಯ್ಯಾಲೆಯಲ್ಲಿ ಕೂತು ಹುಲ್ಲು ನೋಡುತ್ತೇನೆ. ನಿಂಗಪ್ಪನನ್ನು ಮಗ ಅಮಾವಾಸ್ಯೆಗೊಮ್ಮೆ ಬರಲು ಹೇಳಿದ್ದಾನೆ. ಬಾಗಿಲು ತೆಗೆಯುವ ಕೆಲಸ ನನ್ನದು. ಕುರಿಗಳು ಈಗಲೂ ಮೊದಲು ಹುಲ್ಲು ದಾಟಿ ಉಯ್ಯಾಲೆಯ ಹತ್ತಿರ ಬರುತ್ತವೆ. ಗೋಡೆ ಮೂಸುತ್ತವೆ. ಆಮೇಲೆ, ಅವರೆ ಎಲ್ಲಿ ಹೋಯಿತು ಎಂದು ಎಲ್ಲವೂ ಸೇರಿ ನನ್ನ ಮುಖ ನೋಡುತ್ತವೆ.