ಮೂಲೆಮನೆಯ ಆಸ್ಟರ್ ಹಾಸು

ಗಿಡ ಹೂ ಬಿಟ್ಟದ್ದೇ ತಪ್ಪಾಯಿತು. ಬರೀ ಎಲೆಯಾಗಿ ಇದ್ದುಬಿಟ್ಟಿದ್ದರೆ ಸಿಸ್ಟರ್ ಅವತ್ತು ಅಷ್ಟೋ ಇಷ್ಟೋ ನಿದ್ದೆಯನ್ನಾದರೂ ಮಾಡುತ್ತಿದ್ದಳು.

ಸಿಸ್ಟರ್ ಎಂದರೆ ಬಡಾವಣೆಯ ಮೂಲೆಮನೆಯ ಸೊಸೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಜನ ಎದ್ದು ಹಲ್ಲುಜ್ಜುವ ಹೊತ್ತಿಗೆ ಅವಳು ಮನೆಗೆ ಬಂದು ಮಲಗಬೇಕು. ಹಗಲು ಮಲಗುವ ಹೆಂಗಸಿನ ನಿದ್ದೆಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಅದು ಸೋಮಾರಿತನದ ತಂಗಿ ಎಂದೇ ಎಲ್ಲರ ಲೆಕ್ಕ. ಕಾಂಪೌಂಡ್ ಗೋಡೆಗಳಿಲ್ಲದ ಆ ಬಡಾವಣೆಯಲ್ಲಿ ಪ್ರತಿಯೊಬ್ಬರ ಅಂಗಳವೂ ಇನ್ನೊಬ್ಬರಿಗೆ ಒಳದಾರಿ. ಸಿಸ್ಟರ್ ಪಾಲಿಗೆ ಬಂದ ಒಳದಾರಿ ಮಾತ್ರ ಮುಂದಿನ ರಸ್ತೆಯಿಂದ ಹಿಂದಿನ ರಸ್ತೆಗೆ, ಅವಳು ಮಲಗುವ ಕೋಣೆಯ ಕಿಟಕಿಯ ಕೆಳಗೇ ಹಾದುಹೋಗಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಹಲ್ಲು ಕಿತ್ತರು, ಎಲ್ಲವನ್ನೂ ಅವಳು ದಿಂಬಿನ ಮೇಲೆ ತಲೆಯಿಟ್ಟೇ ಕೇಳಬೇಕಾಗಿತ್ತು.

ನೆಲದಡಿ ನೀರಿನ ಪೈಪು ಇದ್ದುದರಿಂದ ಗೋಡೆ ಕಟ್ಟುವಂತಿರಲಿಲ್ಲ. ಹಗ್ಗ ಕಟ್ಟಿದರೆ ಯಾರೋ ಅದರ ಮೇಲೆ ಟವೆಲ್ ಒಣಹಾಕಿದರು. ‘ಇಲ್ಲಿ ದಾರಿಯಿಲ್ಲ’ ಎಂದು ಹಲಗೆ ನೆಟ್ಟಾಗ, ಅಲ್ಲೊಂದು ದಾರಿಯಿದೆ ಎಂಬುದು ಹೊಸಬರಿಗೂ ತಿಳಿಯಿತು.

ಕೊನೆಗೆ ಗಿಡ ಮಾರುವವನು ಈ ಆಸ್ಟರ್ ಹೂವಿನ ಸಸಿಗಳನ್ನು ಕೊಟ್ಟಿದ್ದ. "ಇದು ಮೇಲಕ್ಕೇಳಲ್ಲ ಸಿಸ್ಟರ್, ನೆಲಕ್ಕೆ ಅಂಟ್ಕೊಂಡು ಹರಡುತ್ತೆ. ತುಳಿದು ತುದಿ ಮುರಿದ್ರೆ ಪಕ್ಕಕ್ಕೆ ಕವಲು ಬಿಡುತ್ತೆ. ಬೇರೆ ಹೂಗಳ ಆರ್ಭಟ ಎಲ್ಲ ಮುಗಿದ ಮೇಲೆ ನಿಧಾನಕ್ಕೆ ಹೂ ಬಿಡುತ್ತೆ. ಆಮೇಲೆ ನೋಡಿ, ಯಾರೂ ಕಾಲಿಡಲ್ಲ."

ಅವಳು ನಂಬಿ ನೆಟ್ಟಳು. ಜನ ಕಳೆಯೆಂದು ತುಳಿದರು. ತುಳಿದಂತೆಲ್ಲ ಅದು ಹಟಮಾರಿ ಮಗುವಿನ ಹಾಗೆ ಕೈಕಾಲು ಚಾಚಿ ಹರಡಿತು. ಅಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ನೋಡಿದರೆ, ಅಂಗಳದ ತುಂಬ ತಿಳಿನೇರಳೆ ಕಂಬಳಿ. ಒಂದು ಎಲೆಯೂ ಕಾಣದಷ್ಟು ಹೂ. ಟಿಫಿನ್ ಡಬ್ಬಿ ಹಿಡಿದು ಬಂದ ಟೈಲರು ಅಂಚಿನಲ್ಲಿ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಂದಕ್ಕಿಟ್ಟದ್ದನ್ನು ಅವಳು ಕಣ್ಣಾರೆ ಕಂಡಳು. ಗೆದ್ದೆ ಎಂದುಕೊಂಡು ಒಳಗೆ ಹೋಗಿ ಮಲಗಿದಳು.

ಕಿಟಕಿಯ ಕೆಳಗೆ ಪಿಟ್ಟೆನ್ನಲಿಲ್ಲ. ನಿದ್ದೆ ಕಾಲ ಬೆರಳಿನಿಂದ ಮೇಲಕ್ಕೆ ಏರುತ್ತ ಮಂಡಿಯವರೆಗೆ ಬಂದಿತ್ತು. ಅಷ್ಟರಲ್ಲಿ ಹೆಜ್ಜೆಯ ಸದ್ದು ಕೇಳಿತು. ಅದು ಹೊರಗಿನದಲ್ಲ, ಹಜಾರದ್ದು.

"ಬನ್ನಿ, ಬನ್ನಿ. ಚಪ್ಪಲಿ ಕೈಲಿ ಹಿಡ್ಕೊಳ್ಳಿ, ಸದ್ದಾಗ್ಬಾರ್ದು. ನಮ್ಮ ಸೊಸೆ ಮಲಗಿದಾಳೆ," ಎಂದು ಅತ್ತೆ ಹಿಂದಿನ ರಸ್ತೆಗೂ ಕೇಳುವ ಹಾಗೆ ಹೇಳುತ್ತಿದ್ದರು.

ಸಿಸ್ಟರ್ ಎದ್ದು ಕೂತಳು. ಅರೆತೆರೆದ ಬಾಗಿಲಾಚೆ ಟೈಲರು, ಅವರ ಹಿಂದೆ ನಿವೃತ್ತ ಮೇಷ್ಟ್ರು, ಅವರ ಹಿಂದೆ ಯಾರೋ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡವರು. ಎಲ್ಲರೂ ಮುಂಬಾಗಿಲಿನಿಂದ ಬಂದು, ಅಡುಗೆಮನೆ ಹಾದು, ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

"ಏನತ್ತೆ ಇದು?"

"ಪಾಪ ಕಣೇ, ಹೂ ತುಳಿಯೋಕೆ ಮನಸ್ಸು ಬರಲ್ವಂತೆ. ಎಂಥಾ ಜನ ನೋಡು."

ಟೈಲರು ಬಾಗಿಲಲ್ಲಿ ಕತ್ತು ತೂರಿಸಿದರು. "ಓ, ಎಚ್ಚರ ಇದೀರಲ್ಲ ಸಿಸ್ಟರ್. ಈ ಹೆಬ್ಬೆರಳು ಒಂಥರಾ ಜುಮುಜುಮು ಅನ್ನುತ್ತೆ."

"ಯಾವಾಗಿಂದ?"

"ಹೋದ ವರ್ಷದಿಂದ."

"ಹಾಗಾದ್ರೆ ಸಾಯಂಕಾಲದವರೆಗೂ ತಡಿಯುತ್ತೆ, ಹೋಗಿ."

ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಗಿತ್ತು. ಅವಳು ಹಜಾರಕ್ಕೆ ಬಂದು ಮೇಷ್ಟ್ರನ್ನು ತಡೆದಳು. "ಮೇಷ್ಟ್ರೇ, ಇಷ್ಟು ದಿನ ಹೋಗ್ತಿದ್ದ ಹಾಗೇ ಹೊರಗಿಂದ ಹೋಗಿ."

"ಹೂವಿನ ಮೇಲಾ? ನಾನೇನು ಕಟುಕನೇನಮ್ಮಾ?"

"ರಸ್ತೆ ಸುತ್ತಿ ಹೋಗ್ಬಹುದಲ್ಲ."

"ಈ ಮಂಡಿ ಇಟ್ಕೊಂಡಾ?"

"ಮಂಡಿನೋವಿಗೆ ನಡೆದಷ್ಟೂ ಒಳ್ಳೇದು."

"ಅದಕ್ಕೇ ನಡೀತಾ ಇದೀನಲ್ಲ, ನಿಮ್ಮನೆ ಒಳಗೆ," ಎಂದು ಮೇಷ್ಟ್ರು ಅಡುಗೆಮನೆಯ ಕಡೆಗೆ ಸಾಗಿದರು.

ಸಿಸ್ಟರ್ ಮುಂಬಾಗಿಲಿನ ಬೋಲ್ಟ್ ಹಾಕಿ ಬಂದು ಮಲಗಿದಳು. ಮಗ್ಗುಲು ಬದಲಿಸುವುದರೊಳಗೆ ಮತ್ತೆ ಹೆಜ್ಜೆ ಸದ್ದು.

"ಬೋಲ್ಟ್ ಹಾಕಿದ್ರೆ ಬಾಗಿಲು ತಟ್ತಾರೆ," ಎಂದರು ಅತ್ತೆ, ಮಗುವಿಗೆ ಹೇಳಿದಂತೆ. "ತಟ್ಟಿದ್ರೆ ನಿನ್ನ ನಿದ್ದೆ ಕೆಡುತ್ತೆ. ಅದಕ್ಕೇ ಎರಡೂ ಬಾಗಿಲು ತೆಗೆದಿಟ್ಟೆ."

ಮಾತಿನಲ್ಲಿ ಹೇಳಿದರೆ ಯಾರಿಗೂ ತಿಳಿಯದು, ನಡೆದೇ ತೋರಿಸಬೇಕು ಎಂದುಕೊಂಡು ಅವಳು ಅಂಗಳಕ್ಕಿಳಿದಳು. ಎಲ್ಲರೂ ನೋಡುತ್ತಿರುವಂತೆಯೇ ಬರಿಗಾಲಲ್ಲಿ ಹೂವಿನ ಮೇಲೆ ಆಚೆಯಿಂದ ಈಚೆಗೆ ನಡೆದಳು. ರಾತ್ರಿಯೆಲ್ಲ ನಿಂತ ಪಾದಗಳಿಗೆ ಅದು ಎಷ್ಟು ಮೆತ್ತಗಿತ್ತೆಂದರೆ, ಅಲ್ಲೇ ಮಲಗಿಬಿಡೋಣ ಎನ್ನಿಸಿತು.

"ನೋಡಿದ್ರಾ? ಏನೂ ಆಗಲ್ಲ. ದಯವಿಟ್ಟು ತುಳೀರಿ."

ಯಾರೂ ಅಲುಗಾಡಲಿಲ್ಲ.

"ತಾನೇ ಸಾಕಿ ತಾನೇ ತುಳಿಯೋದಾ," ಎಂದರು ಆಗಲೇ ವಾಪಸು ಬಂದಿದ್ದ ಸೈಕಲ್ಲಿನವರು, ಅದನ್ನು ಹೆಗಲಿನಿಂದ ಇಳಿಸದೆ.

"ರಾತ್ರಿ ಪಾಳಿ ಹೆಚ್ಚಾದ್ರೆ ಹೀಗೇ ಆಗುತ್ತೆ," ಎಂದಳು ಎದುರುಮನೆಯ ಅಕ್ಕ. ಆಮೇಲೆ ಬಗ್ಗಿ, ಹೂವೊಂದನ್ನು ಗಲ್ಲ ಹಿಡಿದಂತೆ ಹಿಡಿದಳು. "ಅಷ್ಟು ಬೇಡವಾಗಿದ್ರೆ ನಂಗೊಂದು ಬುಡ ಕೊಡಬಾರ್ದೇನೇ?"

ಸಿಸ್ಟರ್ ಕಣ್ಣರಳಿತು. "ಒಂದ್ಯಾಕೆ ಅಕ್ಕಾ, ಎಲ್ಲಾ ತಗೊಳ್ಳಿ. ಯಾರು ಬೇಕಾದ್ರೂ ಬನ್ನಿ. ಬೇರುಸಮೇತ ತಗೊಂಡು ಹೋಗಿ."

ಆ ಸುದ್ದಿಗೆ ಒಳದಾರಿಯ ಅಗತ್ಯವೇ ಇರಲಿಲ್ಲ. ಬಕೆಟ್ಟು, ಬೇಸಿನ್ನು, ಹಳೆಯ ಮಸಿಹಿಡಿದ ಬಾಣಲೆ, ಏನು ಸಿಕ್ಕಿತೋ ಅದನ್ನು ಹಿಡಿದು ಜನ ಬಂದರು. ಟೈಲರು ಕತ್ತರಿಯಿಂದಲೇ ಮಣ್ಣು ಕೆದಕಿದರು. ಮೇಷ್ಟ್ರು ಕುರ್ಚಿ ತರಿಸಿಕೊಂಡು ಕೂತು, ಕೀಳುವುದು ಹೇಗೆಂದು ಎಲ್ಲರಿಗೂ ಪಾಠ ಹೇಳಿ, ಎಲ್ಲರಿಗಿಂತ ದೊಡ್ಡ ಬುಡವನ್ನು ತಾವು ತೆಗೆದುಕೊಂಡರು. ಮಧ್ಯಾಹ್ನವೆಲ್ಲ ಕಿಟಕಿಯ ಕೆಳಗೆ ಅಗೆತ, ಜಗಳ, ನಗು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂಜೆಗೆ ಅಂಗಳ ಕ್ಷೌರ ಮಾಡಿಸಿದ ತಲೆಯಂತೆ ಬೋಳಾಗಿತ್ತು.

ಮುಸ್ಸಂಜೆಯಲ್ಲಿ ಒಬ್ಬಳೇ ನೀರು ಹನಿಸಿದ ಗಿಡ ಅದು; ಮನೆಯಲ್ಲಿ ಅವಳಿಗೆಂದೇ ಇದ್ದದ್ದು ಅದೊಂದೇ ಕೆಲಸ. ಆದರೂ ಸಮಾಧಾನ ಮಾಡಿಕೊಂಡಳು. ಜನ ಮತ್ತೆ ಕಿಟಕಿಯ ಕೆಳಗೆ ಹೋಗುತ್ತಾರೆ, ಹೋಗಲಿ. ಮನೆಯೊಳಗಂತೂ ಬರುವುದಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರಾಯಿತು. ಒಂದು ಚಣವೂ ಕಣ್ಣು ಮುಚ್ಚದೆ ಅವಳು ಕೆಲಸಕ್ಕೆ ಹೊರಟಳು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಬಂದವಳಿಗೆ ತನ್ನ ಮನೆಯೇ ಕಾಣಲಿಲ್ಲ. ಅಂಗಳದಲ್ಲಿ ಅಷ್ಟು ಜನ. ಚೀಲ ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು, ತಳ್ಳುಗಾಡಿಯವನೊಬ್ಬ. ಮುಕ್ಕಾಲು ಪಾಲು ಮುಖಗಳನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ನೀವೆಲ್ಲ ಯಾರು?" ಎಂದು ಒಬ್ಬ ಹೆಂಗಸನ್ನು ಕೇಳಿದಳು.

"ನಾವು ಮೇಲಿನ ಬೀದಿಯವರು. ಯಾವಾಗ್ಲೂ ಟೈಲರ ಅಂಗಳದಿಂದ ಹೋಗ್ತಿದ್ವಿ. ನಿನ್ನೆ ಅಲ್ಲಿ ಹೂ ನೆಟ್ಟಿದ್ದಾರೆ. ಮೇಷ್ಟ್ರ ಮನೇಲಿ, ನಿಮ್ಮ ಎದುರುಮನೇಲಿ, ಎಲ್ಲಿ ನೋಡಿದ್ರೂ ಅದೇ ಹೂ. ತುಳಿಯೋಕೆ ಮನಸ್ಸು ಬರಲ್ಲ ನೋಡಿ." ಆಕೆ ಸಿಸ್ಟರ್ ಕಡೆಗೆ ಕೃತಜ್ಞತೆಯಿಂದ ನಕ್ಕಳು. "ಇಡೀ ಬಡಾವಣೇಲಿ ಖಾಲಿ ಇರೋದು ನಿಮ್ಮದೊಂದೇ."

ಸಿಸ್ಟರ್ ಜನರ ನಡುವೆ ದಾರಿ ಮಾಡಿಕೊಂಡು ಹೇಗೋ ಬಾಗಿಲ ಹತ್ತಿರ ಬಂದಳು. ಅಲ್ಲಿಯೂ ಸಾಲು ನಿಂತಿತ್ತು. ಹೊಸ್ತಿಲ ಬಳಿ ಅತ್ತೆ ಕೈಯಾಡಿಸುತ್ತ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು.

"ಬಂದ್ಯಾ? ಸಾಲಲ್ಲೇ ಬಾ ಮಗಾ, ಮಧ್ಯೆ ನುಗ್ಗಬೇಡ," ಎಂದರು. "ಹೊರಗೆ ನೂಕುನುಗ್ಗಲು, ನಿನ್ನ ಕಿಟಕಿ ಹತ್ರ ಗಲಾಟೆ ಆಗುತ್ತೆ ಅಂತ ಅರ್ಧ ಜನಾನ ಒಳಗಿಂದ ಕಳಿಸ್ತಾ ಇದೀನಿ."